ಬೆನ್ನು ತಿರುಗಿಸುವ ಮರ್ಯಾದೆ

ನಮ್ಮ ಮನೆಯ ಜಗಳ ಶುರುವಾದದ್ದು ಒಂದು ಲೋಟ ನೀರಿನಿಂದ. ಮಗಳು ತರಬೇತಿ ಮುಗಿಸಿ ಬಂದವಳು ಅಡುಗೆಮನೆಗೆ ನುಗ್ಗಿ, ನೀರು ಬಗ್ಗಿಸಿಕೊಂಡು, ಅಜ್ಜಿಗೆ ಬೆನ್ನು ತಿರುಗಿಸಿ ಗಟಗಟ ಕುಡಿದಳು. ಬೀನ್ಸ್ ಹೆಚ್ಚುತ್ತಿದ್ದ ನಮ್ಮ ಅತ್ತೆ ಚಾಕು ಕೆಳಗಿಟ್ಟರು.

"ನನ್ನ ಮುಖ ನೋಡಿದ್ರೆ ನೀರು ಗಂಟಲಲ್ಲಿ ಇಳಿಯಲ್ವಾ ನಿಂಗೆ?"

"ಅಯ್ಯೋ ಅಜ್ಜಿ, ಇದು ಮರ್ಯಾದೆ. ದೊಡ್ಡವರ ಎದುರು ಕುಡಿಯುವಾಗ ಆ ಕಡೆ ತಿರುಗ್ಬೇಕು. ಬಟ್ಟೆ, ಬೆಲ್ಟು ಸರಿ ಮಾಡ್ಕೊಳ್ಳುವಾಗ್ಲೂ ಅಷ್ಟೇ. ಟೇಕ್ವಾಂಡೊ ಹಾಲಲ್ಲಿ ನಮಗೆ ಹಾಗೇ ಕಲಿಸೋದು."

"ಯಾವೂರ ಮರ್ಯಾದೆ ಅದು?"

"ಕೊರಿಯಾದ್ದು."

"ಹಾಗಾದ್ರೆ ಅಲ್ಲಿಗೇ ಹೋಗಿ ಕುಡಿ."

ಅವತ್ತು ಬೀನ್ಸ್ ಹೆಚ್ಚಿ ಮುಗಿಸಿದ್ದು ನಾನು. ಅತ್ತೆ ಕೋಪಿಸಿಕೊಂಡರೆ ಮೊದಲು ಬಿಡುವುದು ಅಡುಗೆ ಕೆಲಸವನ್ನೇ.

ನಮ್ಮ ವಿಷಯ ಹೇಳಿಬಿಡುತ್ತೇನೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ಶಾಲೆಯ ಸಮವಸ್ತ್ರ, ಸೊಂಟ ಸಡಿಲವಾದ ಪ್ಯಾಂಟು ಇಂಥವನ್ನು ಹೊಲಿಯುವವಳು. ನಮ್ಮ ಯಜಮಾನರು ಕಟ್ಟಡದ ಮೇಸ್ತ್ರಿ. ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವುದು, ಸೊಟ್ಟಗಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗುವುದು, ಇದು ಅವರ ಕೆಲಸ. ಆ ದನಿ ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೂ ಮೂರನೇ ಮಹಡಿಯಿಂದ ಇಟ್ಟಿಗೆ ಕೇಳಿದ ಹಾಗಿರುತ್ತಿತ್ತು.

ಇರುವವಳು ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ತೆಳ್ಳಗೆ, ಅದಕ್ಕೇ ಅತ್ತೆ 'ಕಡ್ಡಿ' ಎಂದು ಕರೆದರು, ಅದೇ ಉಳಿಯಿತು. ಆ ಕಡ್ಡಿ ಚಿಕ್ಕಂದಿನಿಂದ ಟೇಕ್ವಾಂಡೊ ಕಲಿತು ಕಪ್ಪು ಬೆಲ್ಟ್ ಕಟ್ಟಿಕೊಂಡಿದ್ದಾಳೆ. ಹಗಲು ಕಾಲೇಜು, ಸಂಜೆ ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ತರಬೇತಿ ಹಾಲು. ಅಲ್ಲಿನ ಮಾಸ್ಟರ್ ಈ ವರ್ಷ ಹೊಸಬರ ಸಾಲಿಗೆ ಕಲಿಸುವುದನ್ನು ಪೂರ್ತಿ ಅವಳ ಕೈಗೆ ಒಪ್ಪಿಸಿದ್ದರು. ಆ ಸಾಲು ಎಂದರೆ ಅವಳಿಗೆ ಪ್ರಾಣ. ನಿದ್ದೆಯಲ್ಲೂ "ಹಿಮ್ಮಡಿ, ಹಿಮ್ಮಡಿ" ಎನ್ನುತ್ತಿದ್ದಳು.

ಲೋಟದ ಜಗಳ ಆರುವ ಮುನ್ನವೇ ಡಾಕ್ಟರು ನಮ್ಮ ಯಜಮಾನರ ರಕ್ತದ ಸಕ್ಕರೆ ನೋಡಿ, ಬೆವರು ಬರುವ ಹಾಗೆ ಏನಾದರೂ ಮಾಡಿ ಎಂದರು. ಇವರು ವಾಕಿಂಗ್ ಹೊರಟರು, ಮೂಲೆಯ ಚಹಾ ಅಂಗಡಿಯವರೆಗೆ ಹೋಗಿ ಅಲ್ಲೇ ಕೂತರು. ಕೊನೆಗೆ ಒಂದು ಸಂಜೆ ಊಟದ ಹೊತ್ತಿಗೆ ತಾವೇ ಹೇಳಿದರು.

"ನಾನೂ ನಿನ್ನ ಹಾಲಿಗೆ ಬರ್ತೀನಿ ಕಡ್ಡಿ. ಮನೇಲೇ ಹೇಳಿಕೊಡೋಳು ಇರುವಾಗ ಬೇರೆ ಕಡೆ ಯಾಕೆ?"

ಮಗಳು ತುತ್ತನ್ನು ತಟ್ಟೆಗೇ ವಾಪಸು ಹಾಕಿದಳು. "ಬಾ. ಆದ್ರೆ ಅಲ್ಲಿ ನಾನು ನಿನ್ನ ಮಗಳಲ್ಲ."

"ಮತ್ತೆ ಯಾರ ಮಗಳು?" ಎಂದರು ಅತ್ತೆ.

"ಅಲ್ಲಿ ನೋಡೋದು ಬೆಲ್ಟು ಅಜ್ಜಿ, ವಯಸ್ಸಲ್ಲ. ಅಪ್ಪಂದು ಹೊಸಬರ ಬಿಳಿ ಬೆಲ್ಟು. ನಂಗೆ ಬಗ್ಗಿ ವಂದಿಸ್ಬೇಕು, ಮೇಡಂ ಅನ್ಬೇಕು, ಕಡ್ಡಿ ಅನ್ಬಾರ್ದು. ನಾನೂ ಅಪ್ಪ ಅನ್ನಲ್ಲ. ತಡವಾಗಿ ಬಂದ್ರೆ ನಾನು ಒಳಗೆ ಬನ್ನಿ ಅನ್ನೋವರೆಗೂ ಬಾಗಿಲಲ್ಲೇ ನಿಲ್ಬೇಕು. ಮುಗಿದ್ಮೇಲೆ ಬಗ್ಗದೆ ಯಾರೂ ಹೊರಗೆ ಹೋಗೋ ಹಾಗಿಲ್ಲ."

ಇವರು ನಕ್ಕರು. "ಅಷ್ಟೇ ತಾನೆ? ಬಗ್ಗಿದ್ರೆ ಸೊಂಟಕ್ಕೂ ಒಳ್ಳೇದು."

ಅತ್ತೆ ನಗಲಿಲ್ಲ. "ಮಗಳಿಗೆ ಬಗ್ತಾನಂತೆ ಮಹಾರಾಯ. ಹೆತ್ತ ನಂಗೆ ಯಾವತ್ತಾದ್ರೂ ಬಗ್ಗಿದ್ದೀಯೇನೋ?"

"ನೀನೂ ಒಂದು ಬೆಲ್ಟ್ ಕಟ್ಕೊಳ್ಳಮ್ಮ, ಬಗ್ತೀನಿ."

ಬಿಳಿ ಸಮವಸ್ತ್ರ ಬಂತು. ತೋಳು ಉದ್ದ, ಹೊಟ್ಟೆಯ ಹತ್ತಿರ ಬಿಗಿ. ನಾನು ತೋಳು ಮಡಚಿ ಹೊಲಿದೆ, ಪಕ್ಕ ಬಿಚ್ಚಿ ಪಟ್ಟಿ ಕೊಟ್ಟೆ. ಮೊದಲ ದಿನ ಅತ್ತೆ ತಾವೂ ಬರುತ್ತೇನೆ ಎಂದು ಹಟ ಹಿಡಿದರು, ನಾನೂ ಹೊರಟೆ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆವು. ಹೊರಗೆ ಚಪ್ಪಲಿ, ಬೂಟುಗಳನ್ನು ಗೆರೆ ಎಳೆದ ಹಾಗೆ ಜೋಡಿಸಿಟ್ಟಿದ್ದರು. ಒಳಗೆ ನೀಲಿ ಮ್ಯಾಟು, ಬೆವರಿನ ವಾಸನೆ, ಕೆಳಗಿನ ಅಂಗಡಿಯ ರಬ್ಬರಿನ ವಾಸನೆ. ಹೊಸಬರ ಸಾಲಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು, ತರಕಾರಿ ಅಂಗಡಿಯ ಇಬ್ಬರು ಅಕ್ಕತಂಗಿಯರು, ಒಬ್ಬ ಬಸ್ ಡ್ರೈವರು, ತುದಿಯಲ್ಲಿ ನಮ್ಮವರು.

"ಚಾರ್ಯೊತ್," ಎಂದಳು ಮಗಳು. ಎಲ್ಲರೂ ನೆಟ್ಟಗೆ ನಿಂತರು. "ಕ್ಯೊಂಗ್ನೆ." ಎಲ್ಲರೂ ಬಗ್ಗಿದರು. ಇವರೂ ಬಗ್ಗಿದರು, ಆದರೆ ಕತ್ತು ಎತ್ತಿ ಯಾರು ನೋಡುತ್ತಿದ್ದಾರೆ ಎಂದು ನೋಡುತ್ತಲೇ ಬಗ್ಗಿದರು.

"ಬಗ್ಗುವಾಗ ಕಣ್ಣು ನೆಲದ ಕಡೆ ಇರ್ಲಿ."

"ಸರಿ ಕಡ್ಡಿ."

"ಏನಂದ್ರಿ?"

"ಸರಿ ಮೇಡಂ."

ಹಲ್ಲಿನ ಡಾಕ್ಟರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಅತ್ತೆ ನನ್ನ ತೋಳು ಚಿವುಟಿದರು, ತಪ್ಪು ನನ್ನದೇನೋ ಎಂಬಂತೆ. ನನಗೋ, ಮಗಳ ಕಡೆ ನೋಡಿದರೆ ಎದೆ ಉಬ್ಬುತ್ತಿತ್ತು, ಗಂಡನ ಕಡೆ ನೋಡಿದರೆ ತಲೆ ತಗ್ಗುತ್ತಿತ್ತು. ಯಾವ ಕಡೆ ನೋಡಬೇಕು ಎಂದೇ ತಿಳಿಯದೆ ಗೋಡೆಯ ಗಡಿಯಾರ ನೋಡುತ್ತಾ ಕೂತೆ.

ಬರಬರುತ್ತಾ ತರಬೇತಿ ಹಾಲೇ ಮನೆಯೊಳಕ್ಕೆ ಬಂದುಬಿಟ್ಟಿತು. ಮಗಳು ಕೂರುವವರೆಗೆ ಇವರು ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಉಪ್ಪಿನ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಪ್ಯಾಂಟಿನ ಬೆಲ್ಟು ಬಿಗಿ ಮಾಡಿಕೊಳ್ಳಲು ಗೋಡೆ ಕಡೆ ತಿರುಗುತ್ತಿದ್ದರು. ನೀರು ಕುಡಿಯಲು ಕಿಟಕಿ ಕಡೆ. ಅತ್ತೆಗೆ ರೇಗಿಹೋಯಿತು.

"ಈ ಮನೇಲಿ ನಂಗೆ ಮುಖಗಳೇ ಮರೆತುಹೋಗಿವೆ. ಎಲ್ಲಿ ನೋಡಿದ್ರೂ ಬೆನ್ನು."

ಒಂದು ದಿನ ಮಗಳು ಊಟ ಮುಗಿಸಿ ಏಳುತ್ತಾ, ಹಾಲಿನ ಗುಂಗಿನಲ್ಲೇ, "ಎಲ್ಲರೂ ಅವರವರ ತಟ್ಟೆ ತೊಳೆದಿಡಿ" ಎಂದಳು. ಇವರು ಎದ್ದು ಹೋಗಿ ತೊಳೆದಿಟ್ಟರು. ಮದುವೆಯಾದ ಮೇಲೆ ನಾನು ಆ ದೃಶ್ಯ ನೋಡಿದ್ದು ಅದೇ ಮೊದಲು. ಅತ್ತೆ ನನ್ನ ಕಡೆ ಕಣ್ಣು ಬಿಟ್ಟರು, ನೀನಾದರೂ ಹೇಳು ಎಂಬಂತೆ. ತಟ್ಟೆ ತೊಳೆಯುವವರನ್ನು ತಡೆಯುವಷ್ಟು ದಡ್ಡಿ ನಾನಲ್ಲ.

ಆದರೆ ಇನ್ನೊಂದು ದಿನ ಅವಳು ಕಾಲೇಜಿನಿಂದ ತಡವಾಗಿ ಬಂದಳೆಂದು ಇವರು ಅಪ್ಪನಾಗಿ ಚೆನ್ನಾಗಿ ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈದು ಮುಗಿಸಿದ ಇವರು, ಅಭ್ಯಾಸಬಲ ನೋಡಿ, ಕೈ ಎರಡನ್ನೂ ಪಕ್ಕಕ್ಕೆ ತಂದು ಅವಳಿಗೆ ಬಗ್ಗಿಬಿಟ್ಟರು. ಆಮೇಲೆ ಏನೂ ಆಗದವರ ಹಾಗೆ ಟೀವಿ ಹಾಕಿಕೊಂಡು ಕೂತರು. ಬೈದದ್ದು ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು ಮಗಳು ಅಡುಗೆಮನೆಗೆ ಬಂದು ನನ್ನನ್ನು ಕೇಳಿದಳು. ನನಗೇನು ಗೊತ್ತು?

ಇದರ ಮಧ್ಯೆ ನನ್ನ ತಮ್ಮನ ಗೋಡೆಯ ಗಲಾಟೆ. ನನ್ನ ತಮ್ಮ ಇವರ ಕೈಕೆಳಗೇ ಗಾರೆ ಕೆಲಸ ಮಾಡುತ್ತಾನೆ. ಅವನು ಕಟ್ಟಿದ ಅಡ್ಡಗೋಡೆಗೆ ಇವರು ತೂಗುಗುಂಡು ಇಳಿಬಿಟ್ಟು ನೋಡಿ, ಎಲ್ಲ ಕೆಲಸಗಾರರ ಎದುರೇ ಕೆಡವಿಸಿದರಂತೆ. ನನಗೆ ತಡೆಯಲಾಗಲಿಲ್ಲ.

"ಸ್ವಂತ ಭಾಮೈದ ಅಂತಾದ್ರೂ ನೋಡ್ಬಾರ್ದಿತ್ತಾ? ಅಷ್ಟು ಜನರ ಎದುರು?"

"ಗೋಡೆಗೆ ಅವನು ನಿನ್ನ ತಮ್ಮ ಅಂತ ಗೊತ್ತಾ? ಬಿದ್ರೆ ಯಾರ ತಲೆ ಮೇಲಾದ್ರೂ ಬೀಳುತ್ತೆ."

"ಸಂಜೆ ಎಲ್ಲರೂ ಹೋದ್ಮೇಲೆ ಹೇಳ್ಬಹುದಿತ್ತು."

"ಅಷ್ಟು ಹೊತ್ತಿಗೆ ಗಾರೆ ಒಣಗಿರುತ್ತೆ. ಹಸಿ ಇರುವಾಗ್ಲೇ ಕೆಡವ್ಬೇಕು."

ಮಗಳು ಅಪ್ಪನ ಮುಖವನ್ನೇ ನೋಡುತ್ತಾ ಊಟ ಮಾಡುತ್ತಿದ್ದಳು.

ಬಿಳಿಯ ನಂತರದ ಹಳದಿ ಬೆಲ್ಟಿನ ಪರೀಕ್ಷೆ ಬಂತು. ಇವರು ಕೆಲಸದ ಜಾಗದಲ್ಲೆಲ್ಲ ಡಂಗುರ ಹೊಡೆದಿದ್ದರು. ಬೆಂಚಿನ ಮೇಲೆ ನಾನು, ಅತ್ತೆ, ನನ್ನ ತಮ್ಮ, ಅವನ ಪಕ್ಕದಲ್ಲಿ ಸಿಮೆಂಟ್ ಕಲಸುವವರೂ ಬಂದು ಕೂತಿದ್ದರು. ಒಬ್ಬೊಬ್ಬರೂ ಮುಂದೆ ಬಂದು, ಒದೆತ, ತಡೆತ, ತಿರುಗುವುದು, ಹೀಗೆ ಒಂದು ಸುತ್ತು ಮುಗಿಸಿ, ಎಲ್ಲಿ ಶುರು ಮಾಡಿದರೋ ಅಲ್ಲಿಗೇ ಬಂದು ಮೇಜಿನ ಕಡೆ ಮುಖ ಮಾಡಿ ನಿಲ್ಲಬೇಕು. ಮೇಜಿನ ಹಿಂದೆ ಮಾಸ್ಟರ್, ಪಕ್ಕದಲ್ಲಿ ಮಗಳು.

ಇವರು ಶುರುವಿನಲ್ಲಿ ಚೆನ್ನಾಗಿಯೇ ಮಾಡಿದರು. ನಡುವೆ ಎಲ್ಲೋ ಎಡಕ್ಕೆ ತಿರುಗುವ ಕಡೆ ಬಲಕ್ಕೆ ತಿರುಗಿದರು. ಆಮೇಲೆ ತಿರುಗಿದ್ದೆಲ್ಲ ತಪ್ಪೇ. ಕೊನೆಗೆ ಜೋರಾಗಿ ಕೂಗಿ, ಮುಷ್ಟಿ ಚಾಚಿ ನಿಂತಾಗ ಎದುರಿಗೆ ಮೇಜಿರಲಿಲ್ಲ, ನಾವಿದ್ದೆವು. ಬೆನ್ನು ಮಗಳ ಕಡೆ. ಸಿಮೆಂಟ್ ಕಲಸುವವರು ಕಿಸಕ್ಕನೆ ನಕ್ಕರು.

ಮಾಸ್ಟರ್ ಮೆಲುದನಿಯವರು. "ವಯಸ್ಸಾಗಿದೆ, ಪಾಪ ಕಷ್ಟಪಟ್ಟಿದ್ದಾರೆ. ಕೊಟ್ಟುಬಿಡೋಣ್ವಾ? ಸಾಲು ನಿಂದು, ನೀನೇ ಹೇಳು" ಎಂದರು.

ಮಗಳು ಎದ್ದು ನಿಂತಳು. ಅವಳ ಕಿವಿಗಳು ಕೆಂಪಾಗಿದ್ದವು. "ಇಲ್ಲ ಮಾಸ್ಟರ್. ಶುರು ಮಾಡಿದ ಕಡೆಗೇ ಬಂದು ಮುಗಿಸ್ಬೇಕು. ಮುಂದಿನ ಸಲ ನೋಡೋಣ."

ಉಳಿದವರೆಲ್ಲ ಹಳದಿ ಬೆಲ್ಟ್ ತೆಗೆದುಕೊಂಡರು. ಇವರು ಎಲ್ಲ ಮುಗಿಯುವವರೆಗೂ ಕಾಯಲಿಲ್ಲ. ಬಗ್ಗಲೂ ಇಲ್ಲ. ಸೀದಾ ಬಾಗಿಲು ದಾಟಿ ಮೆಟ್ಟಿಲಿಳಿದರು. ಬೂಟುಗಳು ಸಾಲಿನಲ್ಲೇ ಉಳಿದವು. ಅವನ್ನು ಕೈಯಲ್ಲಿ ಹಿಡಿದುಕೊಂಡು ನಾನು ಹಿಂದೆ ಓಡಿದೆ. ಬರಿಗಾಲಿನಲ್ಲಿ, ಬಿಳಿ ಬಟ್ಟೆಯಲ್ಲಿ, ನಮ್ಮವರು ಬಸ್ ಸ್ಟಾಪು ದಾಟಿ ಹೋಗುತ್ತಿದ್ದರು.

ಆ ಸಂಜೆ ಊಟಕ್ಕೆ ಕುರ್ಚಿಯನ್ನು ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ತಟ್ಟೆ ಮಡಿಲಲ್ಲಿ, ಬೆನ್ನು ಮಗಳಿಗೆ.

ಅತ್ತೆ ಆ ಬೆನ್ನನ್ನು ನೋಡಿದರು, ನನ್ನನ್ನು ನೋಡಿದರು. "ಇದು ಯಾವ ಬೆನ್ನು? ಮರ್ಯಾದೆದೋ, ಕೋಪದ್ದೋ? ಯಾರಾದ್ರೂ ಹೇಳಿ, ನಂಗೆ ಗೊತ್ತಾಗ್ತಿಲ್ಲ."

ಇವರು ಕಿಟಕಿಗೆ ಹೇಳಿದರು. "ಹಲ್ಲು ಕೀಳೋನಿಗೆ ಕೊಟ್ಲು. ಬಸ್ ಓಡ್ಸೋನಿಗೆ ಕೊಟ್ಲು. ನನ್ನ ಕೆಲಸಗಾರರ ಎದುರು ನಂಗೆ ಇಲ್ಲ ಅಂದ್ಲು."

"ಬೇರೆಯವರು ಹಾಗೆ ಮಾಡಿದ್ರೂ ಇಲ್ಲ ಅಂತಾನೇ ಅಂತಿದ್ದೆ," ಎಂದಳು ಮಗಳು.

"ನಾನು ಬೇರೆಯವನಲ್ಲ."

"ಅಲ್ಲಿ ನೀನು ಬೇರೆಯವನೇ ಅಪ್ಪ."

ಆ ಮಾತು ಅವಳ ಬಾಯಿಂದ ಬರಬಾರದಿತ್ತು. ಇವರು ತಟ್ಟೆ ಕೆಳಗಿಟ್ಟು ಎದ್ದರು. ತೊಳೆಯಲಿಲ್ಲ. ನಾನು ತೊಳೆದೆ.

ಅಲ್ಲಿಂದ ಮುಂದೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಸಮವಸ್ತ್ರವನ್ನು ನಾನು ಒಗೆದು ಮಡಚಿ ಇಟ್ಟೆ, ಅದು ಇಟ್ಟಲ್ಲೇ ಇತ್ತು. ಇವರು ಸಂಜೆ ಮತ್ತೆ ಚಹಾ ಅಂಗಡಿ ಹಿಡಿದರು. ಮಗಳು ಹಾಲಿಗೆ ಹೋಗಿ ಬರುತ್ತಿದ್ದಳು, ಆದರೆ ಮುಖದಲ್ಲಿ ಕಳೆ ಇರಲಿಲ್ಲ. ಒಂದು ಸಂಜೆ ನಾನು ಪರದೆಗೆ ಅಂಚು ಹೊಲಿಯುತ್ತಿದ್ದಾಗ ಬಂದು ಯಂತ್ರದ ಪಕ್ಕ ನೆಲದ ಮೇಲೆ ಕೂತಳು.

"ಅಮ್ಮ, ಇವತ್ತು ಹಲ್ಲಿನ ಡಾಕ್ಟರು ಬಗ್ಗದೆ ಹೋದ್ರು. ಕೇಳಿದ್ದಕ್ಕೆ, ನಿಮ್ಮ ಅಪ್ಪನೇ ಬಗ್ಗಲಿಲ್ವಲ್ಲ ಮೇಡಂ ಅಂದ್ರು. ಎಲ್ಲರೂ ನಕ್ಕರು."

"ನೀನೇನಂದೆ?"

"ಏನನ್ಲಿ? ಸ್ವಂತ ಅಪ್ಪನೇ ಬಗ್ಗದೆ ಹೋದ ಮೇಲೆ ಬೇರೆಯವರು ಯಾಕೆ ಬಗ್ತಾರೆ? ಅಪ್ಪ ವಾಪಸ್ ಬರ್ದಿದ್ರೆ ಆ ಸಾಲನ್ನ ಮಾಸ್ಟರಿಗೇ ಒಪ್ಪಿಸಿಬಿಡ್ತೀನಿ. ಹಾಲೂ ಬೇಡ, ಏನೂ ಬೇಡ."

ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. "ಹಾಗಾದ್ರೆ ಹೋಗಿ ಅಪ್ಪನ್ನ ಕರಿ."

"ಸೀನಿಯರ್ ಹೋಗಿ ಕರಿಯೋ ಹಾಗಿಲ್ಲ."

"ಮಗಳಾಗಿ ಕರಿಯೇ."

"ಮಗಳಾಗಿ ಕರೆದ್ರೆ ಅಪ್ಪನಾಗಿ ಬರ್ತಾನೆ. ಅಲ್ಲಿ ನಂಗೆ ಬೇಕಿರೋದು ಬಿಳಿ ಬೆಲ್ಟು." ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. "ಮನೇಲಿ ಅಪ್ಪ ಬೇಕು, ಹಾಲಲ್ಲಿ ಬಿಳಿ ಬೆಲ್ಟ್ ಬೇಕು. ಈಗ ಎರಡೂ ಇಲ್ಲ."

ನನ್ನ ತಲೆ ಗಿರ್ ಎಂದಿತು. ಅವಳು ಹೇಳಿದ್ದು ಸರಿಯೂ ಅನಿಸಿತು, ಕೆನ್ನೆಗೆ ಒಂದು ಕೊಡಬೇಕು ಎಂದೂ ಅನಿಸಿತು. ತಲೆ ನೇವರಿಸಿದೆ, ಅಷ್ಟೇ.

ಅತ್ತೆಗೆ ಇದು ಹೇಗೋ ತಿಳಿಯಿತು. ಮಾರನೆಯ ಬೆಳಗ್ಗೆ ಮಗನಿಗೆ ಬ್ರೆಡ್ಡು ಕೊಡುತ್ತಾ ಶುರು ಮಾಡಿದರು. "ಅವತ್ತು ಬಗ್ಗದೆ ಬಂದ್ಯಲ್ಲ. ಆ ಹುಡುಗಿ ಮಾನ ಹೋಯ್ತು."

"ಬಗ್ಬೇಡ ಅಂತ ಬಡ್ಕೊಂಡಿದ್ದು ನೀನೇ ತಾನೆ?"

"ಶುರು ಮಾಡ್ಬೇಡ ಅಂದಿದ್ದು. ಶುರು ಮಾಡಿದ್ಮೇಲೆ ಬಗ್ದೇ ಬರೋದಾ?"

"ಅಮ್ಮ, ನಿಂಗೆ ಏನು ಬೇಕು ಅಂತ ನಿಂಗಾದ್ರೂ ಗೊತ್ತಿದ್ಯಾ?"

"ಇಲ್ಲ," ಎಂದರು ಅತ್ತೆ. "ಆದ್ರೆ ಇದು ಬೇಡ ಅಂತ ಗೊತ್ತು."

ಆ ವಾರವೇ ನನ್ನ ತಮ್ಮ ಊಟಕ್ಕೆ ಬಂದ. ಅವನು ಮನೆಯ ಮೌನವನ್ನೆಲ್ಲ ಲಕ್ಷ್ಯಕ್ಕೆ ತೆಗೆದುಕೊಳ್ಳುವವನಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡು, ಕಿಟಕಿ ಕಡೆ ಕೂತಿದ್ದ ಇವರ ಬೆನ್ನಿಗೆ ಹೇಳಿದ.

"ಭಾವ, ನನ್ನ ಗೋಡೆ ಕೆಡವಿದಾಗ ನಂಗೂ ನಿಮ್ಮನ್ನ ಕೊಂದುಬಿಡ್ಬೇಕು ಅನ್ಸಿತ್ತು."

"ಅದಕ್ಕೆ?"

"ಅದಕ್ಕೇನಿಲ್ಲ. ಮಾರನೇ ದಿನ ಕೆಲಸಕ್ಕೆ ಬಂದೆ ಅಲ್ವಾ? ಬಂದು ಮೊದಲು ನಿಮಗೆ ನಮಸ್ಕಾರ ಅಂದು, ಆಮೇಲೆ ತಾನೆ ಗಾರೆ ಕರಣಿ ಹಿಡಿದಿದ್ದು? ನೀವು ಯಾಕೆ ಹೋಗಿಲ್ಲ?"

ಮಗಳು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು. ತಮ್ಮ ಇನ್ನೊಂದು ಮೊಟ್ಟೆ ಕೇಳಿ ಹಾಕಿಸಿಕೊಂಡ.

ಮಾರನೆಯ ಸಂಜೆ ಕೆಲಸದಿಂದ ಬಂದವರು ಕೈಕಾಲು ಕೂಡ ಸರಿಯಾಗಿ ತೊಳೆಯದೆ ಕೋಣೆಗೆ ಹೋದರು, ಬಿಳಿ ಬಟ್ಟೆ ಹಾಕಿಕೊಂಡು ಹೊರಬಂದರು. ಅವತ್ತು ತಾರಸಿಗೆ ಕಾಂಕ್ರೀಟ್ ಹಾಕಿದ್ದರಂತೆ, ಹೊತ್ತಾಗಿಬಿಟ್ಟಿತ್ತು. ನಡೆಯುತ್ತಲೇ ಬೆಲ್ಟ್ ಸುತ್ತಿಕೊಳ್ಳುತ್ತಿದ್ದರು. "ಎಲ್ಲಿಗೆ?" ಎಂದು ಕೇಳಲು ಬಾಯಿ ತೆರೆದ ನನ್ನನ್ನು ಅತ್ತೆ ತಡೆದರು. ಬೀದಿಯ ತಿರುವಿನವರೆಗೆ ಹೋಗಲು ಬಿಟ್ಟು, "ನಡಿ" ಎಂದು ತಮ್ಮ ಚಪ್ಪಲಿ ಹುಡುಕಿದರು.

ಟಯರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಅರ್ಧಕ್ಕೆ ನಿಂತೆವು. ಮೇಲೆ ಬಾಗಿಲಲ್ಲಿ ಇವರು ನಿಂತಿದ್ದರು. ಕೈಗಳು ಪಕ್ಕಕ್ಕೆ, ಬೆನ್ನು ನೆಟ್ಟಗೆ, ಕೂದಲಲ್ಲಿ ಸಿಮೆಂಟು. ಬೂಟು ಸಾಲಿನ ತುದಿಯಲ್ಲಿ ಜೋಡಿಸಿಟ್ಟಿದ್ದರು. ತಡವಾಗಿ ಬಂದವರು ಹೇಗೆ ನಿಲ್ಲಬೇಕೋ ಹಾಗೆ ನಿಂತಿದ್ದರು.

ಒಳಗೆ ಮಗಳು ಕೊರಿಯನ್ ಭಾಷೆಯಲ್ಲಿ ಎಣಿಸುತ್ತಾ ಸಾಲಿಗೆ ಒದೆತ ಹೇಳಿಕೊಡುತ್ತಿದ್ದಳು. ಅವಳು ನೋಡಿದ್ದಳು. ಎಣಿಕೆ ಒಮ್ಮೆ ತಡವರಿಸಿತು, ಮತ್ತೆ ಶುರುವಾಯಿತು. ಶುರುವಾದ ಸುತ್ತು ಮುಗಿಯುವವರೆಗೆ ಬಾಗಿಲಲ್ಲಿ ನಿಂತವರನ್ನು ಕರೆಯುವಂತಿಲ್ಲ, ಅದೂ ಅಲ್ಲಿಯ ನಿಯಮವೇ. ಡಾಕ್ಟರು ಒದೆಯುವುದನ್ನು ಬಿಟ್ಟು ಬಾಗಿಲ ಕಡೆಯೇ ನೋಡುತ್ತಿದ್ದರು.

"ಕರಿಯಬಾರ್ದಾ ಅವಳು? ಗಂಟಲಿಗೇನಾಗಿದೆ?" ಎಂದು ಅತ್ತೆ ಪಿಸುಗುಟ್ಟಿದರು.

"ಸುಮ್ನಿರಿ ಅತ್ತೆ."

ಅವಸರದಲ್ಲಿ ಸುತ್ತಿದ ಬೆಲ್ಟು. ನಿಂತು ನಿಂತು ಗಂಟು ಸಡಿಲವಾಯಿತು, ಒಂದು ತುದಿ ಜಾರಿ ಕೆಳಗೆ ಇಳಿಯಿತು. ಇವರು ಅದನ್ನು ಹಿಡಿದುಕೊಂಡು, ಹಾಲಿಗೆ ಬೆನ್ನು ಮಾಡಿ, ಮೆಟ್ಟಿಲ ಕಡೆಗೆ ತಿರುಗಿದರು. ನಾವು ಕಂಡೆವು. ನಮ್ಮನ್ನು ನೋಡಿ ಹುಬ್ಬೇರಿಸಿದರು.

ಒಳಗೆ ಎಣಿಕೆ ನಿಂತುಹೋಯಿತು.

"ಅಪ್ಪಾ, ಹೋಗ್ಬೇಡ."

ಅಷ್ಟು ಜೋರಾಗಿ ಅವಳು ಕೂಗಿದ್ದನ್ನು ಆ ಹಾಲಿನಲ್ಲಿ ಅದುವರೆಗೆ ಯಾರೂ ಕೇಳಿರಲಿಕ್ಕಿಲ್ಲ. ಕೆಳಗಿನ ಅಂಗಡಿಯವರೂ ಹೊರಬಂದು ಮೇಲೆ ನೋಡಿದರು. ಇವರ ಕೈ ಗಂಟಿನ ಮೇಲೆ ಹಾಗೇ ನಿಂತಿತು. ಮುಖ ನಮ್ಮ ಕಡೆಗಿತ್ತು, ಆದ್ದರಿಂದ ಆ ಮುಖ ನೋಡಿದ್ದು ನಾವಿಬ್ಬರೇ. ತುಟಿ ಅದುರುತ್ತಿತ್ತು. ಅದನ್ನು ನಾನು ಇವತ್ತಿಗೂ ಮಗಳಿಗೆ ಹೇಳಿಲ್ಲ.

ಗಂಟು ಹಾಕಿ ಮುಗಿಸಿದರು. ಎರಡೂ ತುದಿ ಸಮ ಇದೆಯೋ ಎಂದು ಎಳೆದು ನೋಡಿದರು, ಗೋಡೆ ನೋಡುವ ಹಾಗೆ. ಆಮೇಲೆ ತಿರುಗಿದರು.

"ಹೋಗ್ತಿಲ್ಲ ಮೇಡಂ. ಬೆಲ್ಟ್ ಕಟ್ಕೋತಿದ್ದೆ."

ನಾವು ಉಳಿದ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದೆವು. ಮಗಳು ಕೆನ್ನೆಯನ್ನು ತೋಳಿನಿಂದ ಒರೆಸಿಕೊಂಡು, "ಒಳಗೆ ಬನ್ನಿ" ಎಂದಳು.

ಇವರು ಹೊಸ್ತಿಲ ಮೇಲೆ ನಿಂತು ಬಗ್ಗಿದರು. ಈ ಸಲ ಕಣ್ಣು ನೆಲದ ಕಡೆಗೇ ಇತ್ತು. ಅವಳೂ ಬಗ್ಗಿದಳು, ಸೀನಿಯರ್ ಬಗ್ಗಬೇಕಾದ್ದಕ್ಕಿಂತ ಬಹಳ ಕೆಳಕ್ಕೆ. ಅವಳು ಏಳಲಿ ಎಂದು ಇವರು ಕಾದರು, ಇವರು ಏಳಲಿ ಎಂದು ಅವಳು ಕಾದಳು. ಇಬ್ಬರೂ ಹಾಗೇ ಬಗ್ಗಿಕೊಂಡೇ ಇದ್ದರು. ಏನು ಮಾಡಬೇಕೆಂದು ತಿಳಿಯದೆ ಡಾಕ್ಟರು ಬಗ್ಗಿದರು, ಅವರನ್ನು ನೋಡಿ ಅಕ್ಕತಂಗಿಯರು, ಆಮೇಲೆ ಡ್ರೈವರು.

ಅತ್ತೆ ನನ್ನ ತೋಳು ಹಿಡಿದು ಎಳೆದರು. "ಈಗ ಯಾರು ಯಾರಿಗೆ ಬಗ್ಗಿರೋದು?"

"ಗೊತ್ತಾಗ್ತಿಲ್ಲ ಅತ್ತೆ," ಎಂದೆ.

"ಹಾಗಾದ್ರೆ ನಾವೂ ಬಗ್ಬೇಕಾ?"

ಅದೂ ಗೊತ್ತಾಗಲಿಲ್ಲ. ನಾನು ಉತ್ತರ ಯೋಚಿಸುವಷ್ಟರಲ್ಲಿ ಅತ್ತೆ ಚಪ್ಪಲಿ ಕಳಚಿ, ಇವರ ಬೂಟುಗಳ ಪಕ್ಕದಲ್ಲಿ ಸಾಲಾಗಿ ಇಡುತ್ತಿದ್ದರು.